ಮೂರನೆಯ ತಂತಿ

ಮಂಜಿನ ಬೆಳಿಗ್ಗೆಗಳಲ್ಲಿ ಮಾತ್ರ ಕುಂಟುತ್ತದೆ
ನನ್ನ ಹಸಿರು ನೀವಾ.
ಅಖಾಲ್ತ್ಸಿಖೆ ಬಿಟ್ಟು ಏರುದಾರಿ ಹಿಡಿದರೆ
ಎರಡನೆಯ ತಿರುವಿಗೇ ಮೈಯೆಲ್ಲ ಅದುರು,
ಸ್ಟೀರಿಂಗಿನಲ್ಲಿ ಚಳಿಜ್ವರ.
ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ
ಏನೂ ಆಗೇ ಇಲ್ಲವೆಂಬಂತೆ ಇಳಿದು ಬರುತ್ತದೆ, ಕಳ್ಳ.

ಮೊನ್ನೆ ಮೇಲಿನ ಊರಲ್ಲಿ
ಹಸುವೊಂದು ಹೆರಲಾರದೆ ಒದ್ದಾಡುತ್ತಿತ್ತು.
ನಾನು ತಲುಪುವಾಗ ಕರುವಿನ ಕಾಲು ತಣ್ಣಗಾಗಿತ್ತು.
ಯಾರೂ ಏನೂ ಅನ್ನಲಿಲ್ಲ.
ಮನೆಯ ಮುದುಕಿ ಕೈ ತೊಳೆಯಲು ಬಿಸಿನೀರು ಕೊಟ್ಟಳು,
ಟವೆಲು ಕೊಟ್ಟಳು,
ಅಷ್ಟೇ.

ಆ ರಾತ್ರಿ ಪಟ್ಟಿ ಬರೆದೆ:
ಪ್ಲಗ್ಗು ನಾಲ್ಕು, ಕಾಯಿಲು, ಕಾರ್ಬುರೇಟರು,
ಪೆಟ್ರೋಲ್ ಪಂಪು, ಡಿಸ್ಟ್ರಿಬ್ಯೂಟರಿನ ಮುಚ್ಚಳ.
ತಂಗಿಯ ಗಂಡ ಇನ್ನೆರಡು ಸೇರಿಸಿದ, ಕೇಳದೆಯೇ.
ಕೂಡಿಸಿದರೆ ತಿಂಗಳ ಸಂಬಳ, ಮೇಲೆ ಚಿಲ್ಲರೆ.

ವರ್ಲಾಮ್ ಓದಿದ. ಕನ್ನಡಕ ಏರಿಸಿ ಮತ್ತೊಮ್ಮೆ ಓದಿದ.
“ತ್ಸಿಯಾಲಾ, ಹಸು ಮೇವು ಬಿಟ್ಟರೆ
ಔಷಧದಂಗಡಿಯನ್ನೇ ಅದರ ಬಾಯಿಗೆ ಸುರಿಯುತ್ತೀಯಾ?”
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು
ಇಪ್ಪತ್ತು ವರ್ಷ ಬೈದುಕೊಂಡು ತಿರುಗಿದವಳು ನಾನು.
ಸುಮ್ಮನೆ ನಿಂತೆ.

ಯಾವಾಗ ಬರುತ್ತದೆ? ಮಂಜಿನಲ್ಲಿ.
ಬಿಸಿಯಾದ ಮೇಲೆ? ಇಲ್ಲ.
ಹೊಗೆ ಕಪ್ಪೋ, ಬಿಳಿಯೋ? ನೋಡಿಲ್ಲ.
“ನೋಡಿಲ್ಲ” ಎಂದ, ನನ್ನದೇ ದನಿಯಲ್ಲಿ.
“ಹೋಗು. ಕಾಯಿಲೆ ಇರುವಾಗಲೇ ಕರೆದುಕೊಂಡು ಬಾ.”

ಗುರುವಾರ ಬಂತು ಮಂಜು, ಕೋಟೆಯೂ ಕಾಣದಷ್ಟು.
ಕುಂಟುತ್ತ ಕುಂಟುತ್ತ ಅವನ ಷೆಡ್ಡಿಗೆ ಹೊಕ್ಕೆವು.
ಎಂಜಿನ್ ಓಡುತ್ತಿರಲಿ ಎಂದ.
ರಬ್ಬರು ಸುತ್ತಿದ ಇಕ್ಕಳದಲ್ಲಿ
ಮೊದಲ ಪ್ಲಗ್ಗಿನ ತಂತಿ ಕಿತ್ತ: ಮುಗ್ಗರಿಸಿತು. ಸಿಕ್ಕಿಸಿದ.
ಎರಡನೆಯದು: ಇನ್ನೇನು ಉಸಿರೇ ನಿಂತಿತು. ಸಿಕ್ಕಿಸಿದ.
ಮೂರನೆಯದು:

ಏನೂ ಇಲ್ಲ.
ಅದೇ ಕುಂಟು, ಅದೇ ತಾಳ.
“ಯಾವುದನ್ನು ಕಿತ್ತರೂ ಯಾರಿಗೂ ಗೊತ್ತಾಗುವುದಿಲ್ಲವೋ
ಅದೇ ದುಡಿಯುತ್ತಿಲ್ಲ.”

ಅಣ್ಣ ರೆವಾಜ್ ನೆನಪಾದ.
ದೊಡ್ಡ ಊಟದ ಮೇಜಿನಿಂದ ಅವನು ಎದ್ದುಹೋದದ್ದು
ಮೂರು ಸುತ್ತು ವೈನು ಮುಗಿದ ಮೇಲೆ
ನಮಗೆ ಗೊತ್ತಾದದ್ದು.
ಅವನೇ ಸರಿಯಿಲ್ಲ ಎಂದು ತೀರ್ಮಾನಿಸಿ
ನಾವು ಕುರಿಮಾಂಸ ಬಡಿಸಿಕೊಂಡದ್ದು.

“ಇಲ್ಲಿ ಹಿಡಿ” ಎಂದ ವರ್ಲಾಮ್, ಸ್ಪ್ಯಾನರು ಚಾಚಿ.
ಮೂರರ ಪ್ಲಗ್ಗು ಒಂದಕ್ಕೆ, ಒಂದರದು ಮೂರಕ್ಕೆ.
ಕುಂಟು ಪ್ಲಗ್ಗಿನ ಹಿಂದೆ ಹೋಗಲಿಲ್ಲ,
ಮೂರರಲ್ಲೇ ಕೂತಿತು.
ಒತ್ತಡದ ಮಾಪಕ ತಿರುಪಿದ. ಮುಳ್ಳು ಸರಾಗ ಏರಿತು.
ಎದೆ ಗಟ್ಟಿಯಿದೆ ಎಂದ, ಎಂಜಿನ್ನಿಗೋ ನನಗೋ.

ಆಮೇಲೆ ಷಟರು ಎಳೆದ. ಬಲ್ಬು ಆರಿಸಿದ.
ಹೆಂಡತಿ ಹೂಕುಂಡಗಳಿಗೆ ನೀರು ಚಿಮುಕಿಸುವ ಬಾಟಲಿಯಿಂದ
ಕತ್ತಲಿಗೆ ಒಂದಿಷ್ಟು ಮಂಜು ಊದಿದ.

ಕಂಡೆ.
ಮೂರನೆಯ ತಂತಿಯ ಮೊಣಕೈಯಿಂದ
ಎಂಜಿನ್ನಿನ ಕಬ್ಬಿಣಕ್ಕೆ ಹಾರುವ ನೀಲಿ ಎಳೆ,
ಸೂಜಿಯಷ್ಟು ಸಣ್ಣ, ಚಟ್ ಚಟ್.
ಕಿಡಿ ಹುಟ್ಟುತ್ತಲೇ ಇತ್ತು,
ಮುಟ್ಟಬೇಕಾದಲ್ಲಿಗೆ ಮುಟ್ಟುವ ಮೊದಲೇ
ದಾರಿಯಲ್ಲಿ ಸೋರಿಹೋಗುತ್ತಿತ್ತು.
ಉಜ್ಜಿ ಉಜ್ಜಿ ಸವೆದ ಜಾಗ, ಅಕ್ಕಿಕಾಳಿನಷ್ಟು.

ಹಳೆಯ ಡಬ್ಬದಿಂದ ಇನ್ನೊಂದು ತಂತಿ ಹುಡುಕಿ ತೆಗೆದ.
ದುಡ್ಡು ಕೇಳಿದರೆ, ನನ್ನ ನಾಯಿಗೆ ಲಸಿಕೆ ಬಾಕಿಯಿದೆ ಎಂದ.
ಪಟ್ಟಿಯ ಹಿಂಬದಿಯಲ್ಲೇ ಬರೆದುಕೊಂಡೆ, ನಾಯಿಯ ವಯಸ್ಸು.
ಅದರ ಕೆಳಗೆ ರೆವಾಜನ ಹೊಸ ನಂಬರು,
ತಂಗಿಯನ್ನು ಕೇಳಿ. ಇನ್ನೂ ಮಾಡಿಲ್ಲ.

ಇವತ್ತು ಮತ್ತೆ ಮಂಜು, ಮತ್ತೆ ಮೇಲಿನ ಊರು.
ಒಂದು, ಮೂರು, ನಾಲ್ಕು, ಎರಡು:
ಅವು ಉರಿಯುವ ಸರದಿಯಂತೆ ಅದು, ವರ್ಲಾಮ್ ಹೇಳಿಕೊಟ್ಟದ್ದು.
ತಿರುವು ತಿರುವಿಗೂ ಎಣಿಸುತ್ತ ಏರಿದೆ.
ಮುದುಕಿ ಗೇಟಿನಲ್ಲಿ ನಿಂತಿದ್ದಳು, ಕೈಯಲ್ಲಿ ಖಾಲಿ ಬಕೆಟ್ಟು.
“ಸದ್ದು ಕೇಳಿ
ಬೇರೆ ಯಾರೋ ಅಂದುಕೊಂಡೆ” ಎಂದಳು.