ಒಂಬತ್ತು ಕಿಲೋ

ಕಾವ್‌ಶ್ಯುಂಗ್ ಬಂದರಿನ ಬೀದಿಯಲ್ಲಿ ಅಂಗಡಿಯವನು
ಎರಡೂ ಕರೆಂಟ್ ಸ್ಕೂಟರನ್ನು ಬಿಸಿಲಿಗೆ ತಂದು ನಿಲ್ಲಿಸಿದ.
ಬಿಳಿ ಗಾಡಿಗೆ ಬ್ಯಾಟರಿ ನಮ್ಮದಲ್ಲ:
ದಾರಿಬದಿಯ ಗೂಡಿನಲ್ಲಿ ಖಾಲಿಯದನ್ನು ತುರುಕಿ
ತುಂಬಿದ್ದನ್ನು ಎಳೆದುಕೊಂಡು ಹೊರಟರಾಯಿತು,
ತಿಂಗಳಿಗೆ ಇಷ್ಟು ಅಂತ ಬಾಡಿಗೆ.
"ಊರವರೆಲ್ಲ ಮೆಟ್ಟಿದ ಚಪ್ಪಲಿ" ಅಂದರು ಅತ್ತೆ,
ಮುಟ್ಟಿಯೂ ನೋಡಲಿಲ್ಲ.

ಹಸಿರು ಗಾಡಿಯಲ್ಲಿ ಎಲ್ಲವೂ ಸ್ವಂತದ್ದು.
ಆದರೆ ರಾತ್ರಿ ಬ್ಯಾಟರಿಯನ್ನು ಮನೆಗೆ ಹೊತ್ತು
ಗೋಡೆಗೆ ಸಿಕ್ಕಿಸಬೇಕು.
ಮನೆ ನಾಲ್ಕನೆಯ ಮಹಡಿ. ಲಿಫ್ಟ್ ಇಲ್ಲ.
ತೂಕ ಎಷ್ಟು ಅಂದೆ.
ಒಂಬತ್ತು ಕಿಲೋ ಅಂದ, ಅದೇನು ಮಹಾ ಎಂಬಂತೆ.

ನನಗೆ ಗೊತ್ತು ಒಂಬತ್ತು ಕಿಲೋ.
ಯೀ-ರೂ ಹಲ್ಲು ಬರುವಾಗ ಅಷ್ಟೇ ಇದ್ದಳು;
ಒಂದು ಕೈಗೆ ಅವಳು, ಇನ್ನೊಂದಕ್ಕೆ ಸೊಪ್ಪಿನ ಚೀಲ,
ಬಾಯಲ್ಲಿ ಬೀಗದ ಕೈ.
ಎರಡನೆಯ ಮಹಡಿಯಲ್ಲಿ ನಿಂತು ಉಸಿರು ಹುಡುಕುತ್ತಿದ್ದೆ.

ದಿನಕ್ಕೆ ಹೋಗಿಬರುವುದು ಹದಿನಾರು ಕಿಲೋಮೀಟರು,
ಐಸ್ ಕಾರ್ಖಾನೆಯ ಲೆಕ್ಕದ ಮೇಜಿಗೆ.
ಅಷ್ಟಕ್ಕೆ ಯಾವುದಾದರೂ ಸಾಕು.
ಬಿಳಿಯದರಲ್ಲಿ ಕಾಲಿಡಲು ಜಾಗ ಹೆಚ್ಚು,
ಅದೇ ಇರಲಿ ಅಂತ ಬಾಯಿ ತೆರೆದಿದ್ದೆ, ನಿಜಕ್ಕೂ.

ಅಷ್ಟರಲ್ಲಿ ಯೀ-ರೂ, ಈಗ ಹದಿನೈದು,
ಫೋನಿನಿಂದ ಕಣ್ಣೆತ್ತದೆ
ಹಸಿರು ಗಾಡಿಯ ಸೀಟು ಎತ್ತಿ
ಬ್ಯಾಟರಿಯನ್ನು ಒಂದೇ ಕೈಯಲ್ಲಿ ಈಚೆಗೆಳೆದಳು.
"ಇದಾ? ನಾನು ತರ್ತೀನಿ ಬಿಡು."

ಹಸಿರಿಗೇ ರುಜು ಹಾಕಿದೆ.

ಮೊದಲ ಸಂಜೆಯೇ ಅವಳಿಗೆ ಬ್ಯಾಸ್ಕೆಟ್‌ಬಾಲ್.
ಎರಡನೆಯ ಮಹಡಿಯಲ್ಲಿ
ಅದನ್ನು ಸೊಂಟಕ್ಕೇರಿಸಿ ನಿಂತಿದ್ದೆ.
ಕಸದ ಚೀಲ ಹಿಡಿದು ಬಾಗಿಲು ತೆರೆದ ಮುದುಕಿ ಖೋ
ಮೇಲಿಂದ ಕೆಳಗೆ ನೋಡಿ ಕೇಳಿದಳು:
"ಮತ್ತೊಂದಾ?"