ಹಿಡಿ

ಸನ್ನದು ಕೈಗೆ ಬಂದ ವಾರ ಅಪ್ಪ ದುದ್ದದ ಬಸ್ಸಲ್ಲಿ ಬಂದಿಳಿದ,
ಒಗೆದ ಅಂಗಿ, ಒಳಜೇಬಿನಲ್ಲಿ ಪಿನ್ನು ಚುಚ್ಚಿದ ಮೂರು ಸಾವಿರ.
‘ಲಾಯರಿಗೆ ಚೀಲ ಬೇಕಲ್ಲ’ ಅಂದ,
ನೇಗಿಲಿಗೆ ಗುಳ ಬೇಕಲ್ಲ ಅನ್ನುವ ಹಾಗೆ.

ಎನ್.ಆರ್. ಸರ್ಕಲ್ಲಿನ ಹಿಂದೆ ಖಲಂದರ್ ಸಾಹೇಬರ ಅಂಗಡಿ.
ಗಾಜಿನ ಬಾಗಿಲ ಹೊರಗೇ ಅಪ್ಪ ಚಪ್ಪಲಿ ಬಿಟ್ಟ.
‘ಹಾಕ್ಕೊಂಡೇ ಬನ್ನಿ’ ಅಂದರೂ ಕೇಳಲಿಲ್ಲ.
ಮೂವತ್ತು ವರ್ಷ ಊರ ಕಾಲಿಗೆಲ್ಲ ಮೆಟ್ಟು ಹೊಲಿದವನು
ತನ್ನವನ್ನು ಬಿಡುವ ರೂಢಿ ಮಾತ್ರ ಬಿಟ್ಟಿರಲಿಲ್ಲ.

ಮೊದಲನೆಯದು ಕನ್ನಡಿಯಂಥ ಕಪ್ಪು, ನಂಬರಿನ ಬೀಗ.
ನನಗೆ ಆಸೆಯಾಯಿತು. ಅಪ್ಪ ಮೂಲೆಯನ್ನು ಉಗುರಲ್ಲಿ ಗೀರಿ
‘ಇದು ತೊಗಲಲ್ಲ ಕಣ್ ಮಗ, ತೊಗಲಿನ ಫೋಟೊ’ ಅಂದ.
ಎರಡನೆಯದನ್ನು ಮೂಸಿದ: ‘ಬರೀ ಬಣ್ಣ.’
ಮೂರನೆಯದರ ಹೊಲಿಗೆ ಎಣಿಸಿದ, ಬೆರಳಗಲಕ್ಕೆ ನಾಲ್ಕು.
‘ಅವಸರದೋರು ಮಾಡವ್ರೆ.’
ಐದು, ಆರು, ಏಳು. ಸಾಹೇಬರ ಹುಡುಗ ಆಕಳಿಸಿದ.
ಸಾಹೇಬರು ಎದ್ದು ಅಪ್ಪನಿಗೊಂದು ಸ್ಟೂಲು ಎಳೆದರು,
ಏಣಿ ಹತ್ತಿ, ಅಟ್ಟದ ಮೂಲೆಯಿಂದ
ಹಳೇ ದುಪ್ಪಟಿ ಸುತ್ತಿದ್ದೊಂದನ್ನು ಇಳಿಸಿದರು.

ಕಂದು. ಅಚ್ಚುಬೆಲ್ಲದ ಬಣ್ಣ.
ಎರಡು ಹಿತ್ತಾಳೆ ಬಕ್ಕಲ್ಲು, ಒಳಗೆ ಮೂರು ಖಾನೆ,
ಮುಚ್ಚಳದ ಎಡಕ್ಕೆ ಬೆಂಕಿಕಡ್ಡಿಯಷ್ಟುದ್ದ ಒಂದು ಗೀರು.
‘ಇದೊಂದು ಡ್ಯಾಮೇಜು, ಅದಕ್ಕೇ ಹೋಗಿಲ್ಲ.’
ಅಪ್ಪ ಕಣ್ಣು ಮುಚ್ಚಿ ಹೆಬ್ಬೆರಳು ಎಳೆದ.
‘ಡ್ಯಾಮೇಜಲ್ಲ. ಬೇಲಿ ಮುಳ್ಳು. ಕರುವಾಗಿದ್ದಾಗ ತರಚಿರದು,
ಎಮ್ಮೆ ಬೆಳೀತಾ ಅದೂ ಬೆಳೆದದೆ.’
ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ:
‘ನಿಮ್ ಕೋರ್ಟಲ್ಲಿ ಏನಂತಾರೆ ಇದಕ್ಕೆ? ಸಾಕ್ಷಿ.’

ಗೀರಿಗೆಂದು ಸಾಹೇಬರು ನಾನೂರು ಬಿಟ್ಟರು.
ಖಾಲಿಯಿದ್ದಾಗಲೇ ಇಷ್ಟು ಭಾರ, ಅಂದೆ.
‘ಇರಲಿ ಬುಡು. ಹಗುರಾದ್ದು ಹೇಳ್ದಂಗೆ ಕೇಳ್ತದೆ, ಬಾಳಲ್ಲ.’

ಇದಾಗಿ ಒಂಬತ್ತು ವರ್ಷ.
ಮೊದಲ ಮಳೆಗಾಲಕ್ಕೇ ಬೂಷ್ಟು ಬಂತು, ಬಿಸಿಲಿಗಿಟ್ಟು ಬೈಸಿಕೊಂಡೆ.
ನೆರಳಲ್ಲಿ ಆರಿಸಬೇಕು, ಹಳೇ ಪೇಪರು ತುರುಕಬೇಕು,
ಹರಳೆಣ್ಣೆ, ಕೂಸಿನ ನೆತ್ತಿಗೆ ತಟ್ಟುವಷ್ಟೇ.
ಪೂರ್ತಿ ತುಂಬಬಾರದು, ತೊಗಲು ತುಂಬಿದ್ದನ್ನು ಕಲಿತುಬಿಡುತ್ತದೆ.
ಕಲಿತೂ ಬಿಟ್ಟಿದೆ: ಒಂದು ಖಾನೆಗೆ ಟಿಫಿನ್ ಡಬ್ಬಿಯ ದುಂಡು,
ಇನ್ನೊಂದರ ಹೊಟ್ಟೆ ಉಬ್ಬಿರುವುದು
ಆಲೂರು ಕಡೆ ಆನೆ ತುಳಿದ ಗದ್ದೆಗಳ ಪರಿಹಾರದ ಅರ್ಜಿಗಳಿಂದ,
ನಡುವೆ ಬಿಳಿ ಬ್ಯಾಂಡು,
ಅಪ್ಪನ ಜೇಬಿನ ಆ ಪಿನ್ನು.

ಹೊಸದರಲ್ಲಿ, ಬಾರ್ ರೂಮಿನಲ್ಲಿ, ಹಿರಿಯರೊಬ್ಬರು ಅದನ್ನು ಸವರಿ
‘ಒಳ್ಳೇ ಮಾಲು ಕಣಮ್ಮ, ಯಾರು ಆರಿಸಿದ್ದು?’ ಅಂದಿದ್ದರು.
ನಮ್ಮಪ್ಪ.
‘ಏನು ಮಾಡ್ತಾರೆ?’
ಹೇಳಿದೆ.
ಅವರು ಚೀಲದ ಮೇಲಿನ ಕೈ ತೆಗೆದರು. ಸಾವಕಾಶವಾಗಿ,
ಗಡಿಯಾರ ನೋಡಿಕೊಳ್ಳುವ ನೆಪದಲ್ಲಿ.
ಚೀಲ ಮೇಜಿನ ಮೇಲೆ ಕೂತೇ ಇತ್ತು.

ಹೋದ ವರ್ಷ ಹಿಡಿ ಕಿತ್ತಿತು.
ಸಾಹೇಬರ ಅಂಗಡಿಯಲ್ಲೀಗ ಮೊಬೈಲ್ ಕವರು ಮಾರುತ್ತಾರೆ.
ಊರಿಗೇ ಒಯ್ದೆ. ಸೂಜಿ ಪೋಣಿಸಲು ಅಪ್ಪನಿಗೆ ಕಣ್ಣು ಸಾಲದು,
ನಾನು ಪೋಣಿಸಿಕೊಟ್ಟೆ. ಕಂದು ದಾರ ಇರಲಿಲ್ಲ, ಕೆಂಪಿತ್ತು.
ಕೆಂಪಲ್ಲೇ ಹೊಲಿದ, ಮೇಣ ಸವರಿ, ಹಲ್ಲಲ್ಲಿ ಗಂಟು ಬಿಗಿದು,
ಜಡ್ಜರ ಪೀಠಕ್ಕೂ ಕಾಣುವಂಥ ಕೆಂಪು.

ಫೋನಲ್ಲಿ ಅಪ್ಪ ಕೇಸಿನ ವಿಚಾರ ಎತ್ತುವುದಿಲ್ಲ.
ಗೆದ್ದೆಯಾ, ಫೀಸು ಬಂತಾ, ಯಾವುದೂ ಇಲ್ಲ.
‘ಹಿಡಿ ಗಟ್ಟಿ ಅದಾ?’ ಅಂತಾನೆ.
ಸಂಜೆ ಬಸ್ಸಿನ ಕಂಬಿಗೆ ಒಂದು ಕೈ, ಚೀಲಕ್ಕೊಂದು ಕೈ,
ಫೋನನ್ನು ಭುಜಕ್ಕೊತ್ತಿಕೊಂಡು
ಅದೆ ಕಣಪ್ಪ, ಅನ್ನುತ್ತೇನೆ.
ಅದೆ.