ಹೊಟ್ಟೆಗೆ ಕಮ್ಮಿ ಮಾಡಬೇಡ

ಆರು ಕೋರಿನದು ನೂರಾ ಹತ್ತು ಪೌಂಡು,
ನಾಲ್ಕರದು ಅರವತ್ತೆಂಟು.
ಗ್ಯಾಸ್ ಬಿಲ್ಲಿನ ಲಕೋಟೆಯ ಬೆನ್ನಲ್ಲಿ
ಮೂರು ರಾತ್ರಿಯಿಂದ ಕೂಡಿ ಕಳೆಯುತ್ತಿದ್ದೇನೆ.

ಹೆಸರಿಗೆ ಮದರ್‌ಬೋರ್ಡು, ಸ್ವಭಾವ ಅತ್ತೆಯದು:
ಹೊಸಬರು ಯಾರೂ ಅದರೊಳಗೆ ಕೂರುವಂತಿಲ್ಲ.
ಅದನ್ನೇ ಬದಲಿಸಿದರೆ ರ‍್ಯಾಮೂ ಬದಲಾಗಬೇಕು,
ಮೂಗಿಗಿಂತ ಮೂಗುತಿ ಭಾರ.

ಶನಿವಾರ ಸ್ವಾನ್ಸಿಯ ಮಾರ್ಕೆಟ್ಟಿನಲ್ಲಿ
ಮೀನಂಗಡಿ ಪಕ್ಕ ಎಮ್ರಿಸ್ ಮುದುಕ
ಮೊಟ್ಟೆ ಟ್ರೇಯ ಗುಳಿಗಳಲ್ಲಿ ಪ್ರೊಸೆಸರ್ ಇಟ್ಟು ಕೂತಿದ್ದ,
ಮುಚ್ಚಿಹೋದ ಶಾಲೆಯೊಂದರ ಲ್ಯಾಬಿನವು.
"ನಿನ್ನ ಬೋರ್ಡು ಒಪ್ಪುವ ಕಡೆಯ ತಲೆಮಾರು ಇದು.
ಮಕ್ಕಳು ಬಡಿದದ್ದು ಕೀಬೋರ್ಡಿಗೆ, ಇದಕ್ಕೇನೂ ಆಗಿಲ್ಲ."
ಇಪ್ಪತ್ತೆರಡು. ಚೌಕಾಸಿ ಮಾಡಿ ಇಪ್ಪತ್ತು.
ಉಳಿದದ್ದಕ್ಕೆ ಒಳ್ಳೆ ಪವರ್ ಸಪ್ಲೈ ತಗೋ ಎಂದ,
ತಲೆ ಸ್ವಲ್ಪ ಮಂದವಾದರೂ ನಡೆಯುತ್ತೆ,
ಹೊಟ್ಟೆಗೆ ಕಮ್ಮಿ ಮಾಡಬೇಡ.

ರಾತ್ರಿ ಮೇದಿನಿ ಟಾರ್ಚು ಹಿಡಿದಳು.
ಬಾಗಿದ ಒಂದೇ ಒಂದು ಪಿನ್ನನ್ನು
ಸೀರೆಗೆ ಫಾಲ್ಸ್ ಹೊಲಿಯುವ ಸೂಜಿಯಿಂದ
ಉಸಿರು ಬಿಗಿಹಿಡಿದು ಎತ್ತಿ ನಿಲ್ಲಿಸಿದೆ.
ತೊಗರಿಕಾಳಿನಷ್ಟು ಪೇಸ್ಟು. ಫ್ಯಾನು. ಸ್ವಿಚ್ಚು.

ಏನೂ ಇಲ್ಲ.
ಮತ್ತೊಮ್ಮೆ ಒತ್ತಿದೆ, ಏನೂ ಇಲ್ಲ.
ಇಪ್ಪತ್ತು ಪೌಂಡು ಕಣ್ಣೆದುರೇ ಸಮುದ್ರಕ್ಕೆ ಬಿತ್ತು.
"ಅಮ್ಮಾ," ಎಂದಳು, "ಗೋಡೆಯದು ಹಾಕಿಲ್ಲ."

ಈಗ ಅವಳು ಜೋಡಿಸುವ ಕಡಲಹಕ್ಕಿಯ ವಿಡಿಯೋ
ತಡವರಿಸದೆ ಹಾರುತ್ತದೆ.
ಹಳೆಯ ಚಿಪ್ಪನ್ನು ಒರೆಸಿ
ಗುಂಡಿಗಳ ಡಬ್ಬಿಗೆ ಹಾಕಿಟ್ಟಿದ್ದೇನೆ.
ಎಸೆಯೋಣವೆಂದರೆ,
ಈ ದೇಶಕ್ಕೆ ನಾನು ಬರೆದ ಅರ್ಜಿಗಳೆಲ್ಲ
ಅದರ ಬಿಸಿಯಲ್ಲೇ ಬೆಂದವು.